ಒಂದೇ ಹಗೇವು ಸಾಲದು



ನಮ್ಮ ಶಾಲೆಯ ನಾಲ್ಕು ಕಂಪ್ಯೂಟರುಗಳಿಗೂ ಸೇರಿಸಿ ಒಂದು ಸ್ಟೋರೇಜ್ ಪೆಟ್ಟಿಗೆ ತರಿಸುವ ಮಾತು ನಡೆದಿದೆ. ಅದು ಬಂದ್ರೆ ಎಲ್ಲಾ ಸರಿಹೋಗುತ್ತೆ ಅಂತ ಬಹಳ ಜನ ಹೇಳ್ತಾರೆ. ಪೆಟ್ಟಿಗೆ ಬೇಕೇ ಬೇಕು. ಆದರೆ ಅದೊಂದೇ ಸಾಲದು ಎಂಬುದು ನನ್ನ ಅಭಿಪ್ರಾಯ.

ಯಾಕೆ ಬೇಕು? ಕಳೆದ ಮಳೆಗಾಲದಲ್ಲಿ ಸಿಡಿಲು ಬಡಿದು ಒಂದು ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೆಟ್ಟುಹೋಯಿತು. ನಮ್ಮೂರಿನ ಅಜ್ಜಿಯರು ಹೇಳಿದ ಸೋಬಾನೆ ಪದ, ರಾಗಿ ಬೀಸುವ ಪದ ಎಲ್ಲಾ ಅದರಲ್ಲಿದ್ದವು. ದುಡ್ಡು ಕೊಟ್ಟರೆ ಕಂಪ್ಯೂಟರ್ ಮತ್ತೆ ಬರುತ್ತೆ. ಆದರೆ ಹಾಡಿದ ಅಜ್ಜಿಯರಲ್ಲಿ ಒಬ್ಬರು ಈಗ ಇಲ್ಲ. ಅವರ ದನಿಯನ್ನು ಯಾವ ಅಂಗಡಿಯಿಂದ ತರೋದು?

ಈ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಎರಡು ಅಥವಾ ಹೆಚ್ಚು ಡಿಸ್ಕ್ ಹಾಕಬಹುದು. ಕೇಬಲ್ ಮೂಲಕ ಎಲ್ಲಾ ಕಂಪ್ಯೂಟರುಗಳಿಗೂ ಸಂಪರ್ಕ ಇರುತ್ತದೆ. ಮೊದಲ ಸಲ ಎಲ್ಲಾ ಫೈಲುಗಳೂ ನಕಲಾಗುತ್ತವೆ. ಆಮೇಲೆ ದಿನಾ ಹೊಸದು, ಬದಲಾದದ್ದು ಮಾತ್ರ ಹೋಗುವಂತೆ ಮಾಡಬಹುದು. ಎರಡು ಡಿಸ್ಕಿನಲ್ಲೂ ಒಂದೇ ವಿಷಯ ಬರೆಯುವಂತೆ ಹೊಂದಿಸಿದರೆ, ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ.

ಇಷ್ಟಕ್ಕೇ ನಿಶ್ಚಿಂತೆಯಾಗಿ ಇರಬಹುದೇ? ಇಲ್ಲ. ಯಾರಾದರೂ ಪೆಟ್ಟಿಗೆಯಲ್ಲಿದ್ದ ಫೈಲನ್ನು ಅಳಿಸಿದರೆ ಎರಡೂ ಡಿಸ್ಕಿನಲ್ಲಿ ಅಳಿಸಿಹೋಗುತ್ತದೆ. ಕಳ್ಳ ಬಂದರೆ ಎರಡನ್ನೂ ಒಟ್ಟಿಗೇ ಹೊತ್ತೊಯ್ಯುತ್ತಾನೆ. ವೈರಸ್ಸಿನ ಭಯವೂ ಉಂಟು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬುದು ನೆಟ್‌ವರ್ಕಿನ ಮೂಲಕ ಕಂಪ್ಯೂಟರಿಂದ ಕಂಪ್ಯೂಟರಿಗೆ ಹರಡಿ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತು. ಎಲ್ಲರಿಗೂ ತೆರೆದಿಟ್ಟ ಪೆಟ್ಟಿಗೆಗೂ ಇಂಥ ಬೀಗ ಬೀಳಬಹುದು.

ನಮ್ಮ ಹಿರಿಯರು ಹಗೇವಿನಲ್ಲಿ ರಾಗಿ ತುಂಬುತ್ತಿದ್ದರು. ಬಿತ್ತನೆ ರಾಗಿಯನ್ನೂ ಅದಕ್ಕೇ ಸುರಿದು, ಹಗೇವಿಗೆ ನೀರು ನುಗ್ಗಿದರೆ ಮುಂದಿನ ವರ್ಷಕ್ಕೆ ಏನು ಗತಿ? ಕಂಪ್ಯೂಟರಿಗೂ ಅದೇ ಮಾತು. ತಿಳಿದವರು ಇದಕ್ಕೆ 3-2-1 ಸೂತ್ರ ಅಂತಾರೆ. ಒಟ್ಟು 3 ಪ್ರತಿ, 2 ಬಗೆಯ ಸಾಧನ, 1 ಪ್ರತಿ ಬೇರೆ ಜಾಗದಲ್ಲಿ.

'ಟಾಯ್ ಸ್ಟೋರಿ 2' ಸಿನಿಮಾದ ಕಥೆ ಕೇಳಿ. ಅಮೆರಿಕದ ಪಿಕ್ಸಾರ್ ಕಂಪನಿಯಲ್ಲಿ 1998ರಲ್ಲಿ ಒಂದು ತಪ್ಪು ಆಜ್ಞೆಯಿಂದ ಆ ಸಿನಿಮಾದ ಬಹುಪಾಲು ಫೈಲುಗಳು ಅಳಿಸಿಹೋದವು. ಬ್ಯಾಕಪ್ಪೂ ಸರಿಯಾಗಿ ಕೆಲಸ ಮಾಡ್ತಿರಲಿಲ್ಲ. ಮಗು ಹುಟ್ಟಿದ್ದರಿಂದ ಮನೆಯಲ್ಲೇ ಕೆಲಸ ಮಾಡುತ್ತಿದ್ದ ಒಬ್ಬ ತಾಯಿಯ ಕಂಪ್ಯೂಟರಿನಲ್ಲಿ ಪ್ರತಿ ಇತ್ತು. ಅದೇ ಕೈಹಿಡಿಯಿತು. ಅಷ್ಟು ದೊಡ್ಡ ಕಂಪನಿಗೇ ಹೀಗಾದರೆ ನಮ್ಮ ಪಾಡೇನು?

ಆದ್ದರಿಂದ ಗುರುಗಳಲ್ಲಿ ನನ್ನ ಕೋರಿಕೆ ಮೂರು. ಒಂದು, ಪೆಟ್ಟಿಗೆಯ ಪಾಸ್‌ವರ್ಡ್ ಗುರುಗಳ ಹತ್ತಿರವೇ ಇರಲಿ. ಎರಡು, ತಿಂಗಳಿಗೊಮ್ಮೆ ಇನ್ನೊಂದು ಡಿಸ್ಕಿಗೆ ನಕಲು ಮಾಡಿ, ವೈರ್ ಬಿಚ್ಚಿ, ಹೆಡ್ ಮೇಷ್ಟ್ರ ಮನೆಯ ಬೀರುವಿನಲ್ಲಿ ಇಡಲಿ. ಮೂರು, ಆ ದಿನವೇ ಒಂದು ಹಾಡನ್ನು ನಕಲಿನಿಂದ ತೆಗೆದು ತರಗತಿಯಲ್ಲಿ ಕೇಳಿಸಲಿ. ಹಾಡು ಕೇಳಿದರೆ ನಕಲು ಸರಿಯಿದೆ ಅಂತ ಗೊತ್ತಾಗುತ್ತೆ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದು. ಉಳಿದ ಅಜ್ಜಿಯರು ಈಗಲೂ ಹಾಡಲು ತಯಾರಿದ್ದಾರೆ. ಅದಕ್ಕೂ ಮೊದಲು ನಾವು ತಯಾರಾಗೋಣ.

– ಏಳನೇ ತರಗತಿ ವಿದ್ಯಾರ್ಥಿನಿ