ಹಾರಿಸುವ ಮುನ್ನ

ತಲಘಟ್ಟಪುರದ ಕಡೆ ಬಯಲಿದೆಯೆಂದು ನಿಮ್ಮ ಮಗ ರಿಮೋಟ್ ವಿಮಾನ ಹಿಡಿದು ಹೊರಟನೇ? ಗದರಬೇಡಿ, ಸ್ವಲ್ಪ ತಡೆಯಿರಿ. ಪ್ರೊಪೆಲ್ಲರ್ ಬಿಚ್ಚಿಸಿ. ಬ್ಯಾಟರಿ ಜೋಡಿಸುವಾಗ ಮೋಟಾರು ತಟ್ಟನೆ ತಿರುಗಿದರೆ ಬೆರಳೇ ಸೀಳೀತು.

ಮೊದಲು ಕೈಯಲ್ಲಿರುವ ಟ್ರಾನ್ಸ್‌ಮಿಟರ್, ಆಮೇಲೆ ವಿಮಾನದ ಸ್ವಿಚ್ ಹಾಕಲಿ. ಆರಿಸುವಾಗ ಮೊದಲು ವಿಮಾನ. ನೀವು ವಿಮಾನದ ಹಿಂದೆ ನಿಂತು, ಕಡ್ಡಿಯನ್ನು ಬಲಕ್ಕೆ ವಾಲಿಸಲು ಹೇಳಿ. ಬಲರೆಕ್ಕೆಯ ಹಿಂಬದಿಯ ಪಟ್ಟಿ ಮೇಲೇಳಬೇಕು, ಎಡದ್ದು ಇಳಿಯಬೇಕು. ಬಲದ್ದು ಇಳಿಯಬೇಕಲ್ಲವೇ ಎಂದು ನಮಗನಿಸುತ್ತದೆ. ಅಲ್ಲೇ ಎಡವುವುದು! ಪಟ್ಟಿ ಅಲುಗಿದರೆ ಸಾಲದು, ಯಾವ ಕಡೆಗೆ ಎಂಬುದೇ ಮುಖ್ಯ. ಇದು ತಿರುಗುಮುರುಗಾದರೆ ವಾರಗಟ್ಟಲೆಯ ಶ್ರಮ ಮೊದಲ ಹಾರಾಟದಲ್ಲೇ ಮಣ್ಣುಪಾಲು.

ಮೋಟಾರು ನಿಧಾನ ತಿರುಗುವಾಗ ಟ್ರಾನ್ಸ್‌ಮಿಟರ್ ಆರಿಸಿ ನೋಡಲಿ. ಮೋಟಾರು ತಾನೇ ನಿಲ್ಲಬೇಕು. ನಿಲ್ಲದಿದ್ದರೆ ಸಿಗ್ನಲ್ ತಪ್ಪಿದ ವಿಮಾನ ಯಾರ ಮೇಲೆರಗುವುದೋ! ಬಯಲಲ್ಲಿ, ರೇಂಜ್ ಪರೀಕ್ಷೆಯ ಗುಂಡಿ ಒತ್ತಿ ಕೈಪಿಡಿ ಹೇಳಿದಷ್ಟು ಹೆಜ್ಜೆ ದೂರ ಹೋಗಿಯೂ ಪಟ್ಟಿಗಳು ಸರಿಯಾಗಿ ಅಲುಗುತ್ತವೆಯೇ ನೋಡಲಿ.

ಜಾಗದ ಮಾತೊಂದು ಉಳಿಯಿತು. 2021ರ ಜನವರಿಯಿಂದ ಕನಕಪುರ ರಸ್ತೆಯ ಮೇಲೆ ರೇಷ್ಮೆ ಸಂಸ್ಥೆಯವರೆಗೆ ಮೆಟ್ರೊ ಓಡುತ್ತಿದೆ, ಸುತ್ತ ಮನೆಗಳೂ ಎದ್ದಿವೆ. 2021ರ ಡ್ರೋನ್ ನಿಯಮಗಳು ಮಾದರಿ ವಿಮಾನಕ್ಕೂ ಅನ್ವಯ. ಸರಕಾರದ ವಾಯುಪ್ರದೇಶ ನಕ್ಷೆಯಲ್ಲಿ ನಿಮ್ಮ ಬಯಲು ಹಳದಿಯೋ ಕೆಂಪೋ ಇದ್ದರೆ ಅನುಮತಿ ಬೇಕು. ಮನೆಯಲ್ಲೇ ನೋಡಿಕೊಂಡು ಹೊರಡಿ.