ಸೈಲೆನ್ಸರ್ ಇರೋದು ಸದ್ದು ತಗ್ಗಿಸಾಕ, ಏರಿಸಾಕ ಅಲ್ಲ

ಈ ಸಲ ಭತ್ತದ ರೋಗದ ಬಗ್ಗೆನೂ ಅಲ್ಲ, ಗೊಬ್ಬರದ ಬಗ್ಗೆನೂ ಅಲ್ಲ, ಗಾಡಿ ಸದ್ದಿನ ಬಗ್ಗೆ ಬರಿಯಾಕ ಕುಂತೀನಿ. ಇದು ನಮ್ಮ ರೈತರ ವಿಷಯನ ಐತಿ. ಸ್ವಲ್ಪ ಉದ್ದ ಆದ್ರೂ ಪೂರ್ತಿ ಓದ್ರಿ.

ನಮ್ಮ ಹೊಲ ಖಾನಾಪುರ ದಾಟಿ ಗೋವಾ ರಸ್ತೆಗೆ ಹತ್ತಿಕೊಂಡ ಐತಿ. ಶನಿವಾರ-ರವಿವಾರ ಬಂತಂದ್ರ ಪುಣೆ, ಕೊಲ್ಲಾಪುರ, ಬೆಳಗಾವಿ ಕಡೆಯಿಂದ ದೊಡ್ಡ ದೊಡ್ಡ ಬೈಕು, ಸ್ಪೋರ್ಟ್ಸ್ ಕಾರು ಸಾಲಾಗಿ ಹೋಗತಾವ. ಕಳೆದ ಸುಗ್ಗ್ಯಾಗ ಭತ್ತದ ಹೊರೆ ಹೇರಿದ ಚಕ್ಕಡಿ ಹೊಡಕೊಂಡು ಮನಿಗೆ ಹೊಂಟಿದ್ದೆ. ಹಿಂದಿಂದ ಒಂದು ಕಾರು ಬಂದು, ನಮ್ಮನ್ನ ದಾಟೋ ಹೊತ್ತಿಗೆ ಪಟ್-ಪಟ್-ಪಟಾರ್ ಅಂತು. ಎತ್ತು ಬೆದರಿ ಚಕ್ಕಡಿ ಗಟಾರಕ್ಕ ಇಳೀತು. ಬಲಗಡೆ ಎತ್ತಿನ ಕಾಲು ಉಳುಕಿ ಹದಿನೈದು ದಿನ ಕೊಟ್ಟಿಗ್ಯಾಗ ನಿಂತಿತು. ಕಾರು ನಿಲ್ಲಲಿಲ್ಲ. ಯಾರದು ಅಂತ ಇವತ್ತಿಗೂ ಗೊತ್ತಿಲ್ಲ.

ಅವತ್ತು ಸಂಜಿಕ ಮನ್ಯಾಗ ಕುಂತು ಆ ಕಾರಿನವಗ ಬಾಯಿಗೆ ಬಂದಂಗ ಬೈದೆ. ನಮ್ಮ ಅಣ್ಣನ ಮಗ ಸುಮ್ಮನ ಕೇಳಿಕೋತ ಕುಂತಿದ್ದ. ಅಂವ ಬೆಳಗಾವಿ ಉದ್ಯಮಬಾಗದಾಗ ಲೇಥ್ ಕೆಲಸ ಮಾಡತಾನ. ಮುಂದಿನ ವಾರ ತನ್ನ ಸೆಕೆಂಡ್ ಹ್ಯಾಂಡ್ ಕಾರು ತಗೊಂಡು ಊರಿಗೆ ಬಂದಾಗ ಗೊತ್ತಾತು, ಅಂವನೂ ಅದನ್ನ ಮಾಡಸ್ಯಾನ! ಕಂಪನಿ ಸೈಲೆನ್ಸರ್ ಕಿತ್ತು 'ಸ್ಪೋರ್ಟ್ಸ್ ಎಕ್ಸಾಸ್ಟ್' ಹಾಕಿಸಿದ್ದ. ಎಮ್ಮಿ ಹಿಂಡಾಕ ಕುಂತಿದ್ದ ನಮ್ಮವ್ವ ಎದ್ದು ನಿಂತಳು, ಎಮ್ಮಿ ಕೊಡಾ ಒದೀತು.

"ಏನಪಾ ತಮ್ಮಾ ಇದು?" ಅಂದ್ರ, "ಕಾಕಾ, ಲ್ಯಾಂಬೋರ್ಗಿನಿ ಸೌಂಡ್" ಅಂದ.

ನನಗೂ ಇಂಜಿನ್ ಅಂದ್ರ ಪ್ರೀತಿನ. ಸಣ್ಣಾಂವ ಇದ್ದಾಗ ಡೀಸೆಲ್ ಪಂಪಿನ ಸದ್ದು ಕೇಳಿನ ಅದು ಸರಿ ಐತೋ ಇಲ್ಲೋ ಹೇಳತಿದ್ದೆ. ಹಂಗಾಗಿ ಅವನ ಜೋಡಿ ಕುಂತು ಲೆಕ್ಕ ಹಾಕಿದೆ. ನಾಕು ಸ್ಟ್ರೋಕಿನ ಇಂಜಿನ್ ಎರಡು ಸುತ್ತು ತಿರುಗಿದ್ರ ಒಂದೊಂದು ಸಿಲಿಂಡರ್ ಒಮ್ಮೆ ಉರೀತೈತಿ. ಒಂದು ಸಿಲಿಂಡರಿನ ಬೈಕು ನಿಮಿಷಕ್ಕ 3000 ಸುತ್ತು ತಿರುಗಿದ್ರ ಸೆಕೆಂಡಿಗೆ 25 ಸಲ ಹೊಡೀತೈತಿ. ಅದಕ್ಕ ಅದು ಡಗ್-ಡಗ್ ಅಂತೈತಿ. ನಾಕು ಸಿಲಿಂಡರಿನ ಕಾರು ಅಷ್ಟ ಸುತ್ತಿಗೆ 100 ಸಲ. ಲ್ಯಾಂಬೋರ್ಗಿನಿ ಹುರಾಕಾನ್‌ಗೆ ಹತ್ತು ಸಿಲಿಂಡರ್. 6000 ಸುತ್ತಿನಾಗ ಸೆಕೆಂಡಿಗೆ 500 ಸಲ. ಆ ರಾಗ ಬರೋದು ಸಿಲಿಂಡರಿನಿಂದ, ಪೈಪಿನಿಂದ ಅಲ್ಲ. ಸಣ್ಣ ಇಂಜಿನ್ನಿನ ಸೈಲೆನ್ಸರ್ ಕಿತ್ತರ ಆ ರಾಗ ಬರಂಗಿಲ್ಲ, ಬರೇ ಗದ್ದಲ ಬರತೈತಿ.

ಸೈಲೆನ್ಸರ್ ಮಾಡೋ ಕೆಲಸ ನಮಗ ತಿಳಿಯಾಕ ಸಲೀಸು. ಪಂಪಿನ ನೀರು ನೇರ ಸಾಲಿಗೆ ಬಿಟ್ಟರ ಮಣ್ಣು ಕೊಚ್ಚಿ ಹೋಗತೈತಿ. ಅದಕ್ಕ ಮೊದಲು ತೊಟ್ಟಿಗೆ ಬಿಡತೀವಿ, ಅಲ್ಲಿ ರಭಸ ಸತ್ತು ನೀರು ಮೆಲ್ಲಕ ಹರೀತೈತಿ. ಇಂಜಿನ್ನಿನಿಂದ ಬರೋ ಬಿಸಿ ಗಾಳಿದೂ ಅದ ಕತಿ. ಸೈಲೆನ್ಸರಿನ ಒಳಗ ಕೋಣಿ, ತೂತಿನ ಕೊಳವಿ, ಕೆಲವದರಾಗ ಗಾಜಿನ ಹತ್ತಿ ಇರತಾವ. ಅಲ್ಲಿ ಹೊಡತದ ರಭಸ ಸಾಯತೈತಿ. ಅದನ್ನ ಕಿತ್ತು ಹಾಕೋದಂದ್ರ ತೊಟ್ಟಿ ಒಡದು ಸಾಲಿಗೆ ಪೈಪು ಇಟ್ಟಂಗ.

ಇನ್ನ ಆ ಪಟಾರ್ ಅನ್ನೋದು ಶಕ್ತಿ ಅಲ್ಲ. ಎಕ್ಸಿಲೇಟರ್ ಬಿಟ್ಟಾಗ ಸುಡದ ಪೆಟ್ರೋಲು ಬಿಸಿ ಪೈಪಿನಾಗ ಹೋಗಿ ಉರಿಯೋ ಸದ್ದು. ಹಂಗ ಉರೀಲಿ ಅಂತ ಲ್ಯಾಪ್‌ಟಾಪ್ ಹಚ್ಚಿ ಇಂಜಿನ್ನಿನ ಕಂಪ್ಯೂಟರ್ ಬದಲಿ ಮಾಡಸತಾರ. ರೊಕ್ಕ ಕೊಟ್ಟು ಕೊಂಡ ಪೆಟ್ರೋಲು, ಹೊಗಿ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್, ಎರಡೂ ಹಾಳು.

ಸದ್ದಿನ ಅಳತಿನೂ ಸ್ವಲ್ಪ ತಿಳಕೊಳ್ರಿ. ಡೆಸಿಬಲ್ ಅಂದ್ರ ಕ್ವಿಂಟಲ್ ಲೆಕ್ಕ ಅಲ್ಲ. 10 ಡೆಸಿಬಲ್ ಏರಿದ್ರ ಸದ್ದಿನ ಶಕ್ತಿ ಹತ್ತು ಪಟ್ಟು, 20 ಏರಿದ್ರ ನೂರು ಪಟ್ಟು. ಕಿವಿಗೆ ಮಾತ್ರ 10 ಏರಿದಾಗ ಸುಮಾರು ಎರಡು ಪಟ್ಟು ಜೋರು ಅನಸತೈತಿ. ಕಂಪನಿಯವರು ಹೊಸ ಮಾಡೆಲ್ ಪರೀಕ್ಷೆ ಮಾಡಿಸೋವಾಗ ಗಾಡಿ ಓಡೋ ಗೆರಿಯಿಂದ ಏಳೂವರೆ ಮೀಟರ್ ದೂರ ಮೀಟರ್ ಇಟ್ಟು ಅಳೀತಾರ. ಕಾರಿಗೆ ಮಿತಿ 74 ಡೆಸಿಬಲ್, 175 ಸಿಸಿ ಮೇಲಿನ ಬೈಕಿಗೆ 80. ನಾನು ಅಷ್ಟ ದೂರ ನಿಂತು ಮೊಬೈಲಿನಾಗ ಹುಡುಗನ ಕಾರು ಅಳದೆ, 92 ತೋರಿಸ್ತು. ಮೊಬೈಲು ಸರ್ಕಾರಿ ಮೀಟರ್ ಅಲ್ಲ ಖರೆ, ಆದ್ರ ಅಂತರ ಎಷ್ಟು ಅಂತ ತಿಳಿಯಾಕ ಅಷ್ಟು ಸಾಕು.

ಕಾನೂನು ಸ್ಪಷ್ಟ ಐತಿ. 1989ರ ಕೇಂದ್ರ ಮೋಟಾರು ವಾಹನ ನಿಯಮ 120ರ ಪ್ರಕಾರ ಪ್ರತಿ ಗಾಡಿಗೂ ಸದ್ದು ತಗ್ಗಿಸೋ ಸೈಲೆನ್ಸರ್ ಇರಬೇಕು. ಸದ್ದಿನ ನಿಯಮ ಮೀರಿದ್ರ ಮೋಟಾರು ವಾಹನ ಕಾಯ್ದೆ ಕಲಂ 190(2) ಪ್ರಕಾರ ಮೊದಲ ತಪ್ಪಿಗೆ 10,000 ರೂಪಾಯಿ ತನಕ ದಂಡ, ಇಲ್ಲಾ ಮೂರು ತಿಂಗಳ ತನಕ ಜೈಲು, ಇಲ್ಲಾ ಎರಡೂ. ಮ್ಯಾಲ ಮೂರು ತಿಂಗಳು ಲೈಸೆನ್ಸ್ ಹೋಗತೈತಿ. 2000ದ ಶಬ್ದ ಮಾಲಿನ್ಯ ನಿಯಮದಾಗ ಮಂದಿ ವಾಸ ಮಾಡೋ ಜಾಗಕ್ಕ ಹಗಲು 55, ರಾತ್ರಿ ಹತ್ತರ ಮ್ಯಾಲ 45 ಡೆಸಿಬಲ್ ಮಿತಿ ಐತಿ. ದವಾಖಾನಿ, ಸಾಲಿ, ಕೋರ್ಟಿನ ಸುತ್ತ 100 ಮೀಟರ್ ಶಾಂತ ವಲಯ. ಬೆಳಗಾವಿ ದವಾಖಾನ್ಯಾಗ ನಮ್ಮ ಮಂದಿನ ಮಲಗಿರತಾರ, ತಿಲಕವಾಡಿ ಕಾಲೇಜಿನಾಗ ನಮ್ಮ ಹುಡುಗರನ ಓದತಾವ. ಆ ರಸ್ತ್ಯಾಗ ರಾತ್ರಿ ಪಟಾರ್ ಅನಿಸೋನೂ ಎಷ್ಟೋ ಸಲ ನಮ್ಮ ಹಳ್ಳಿ ಹುಡುಗನ.

ಇನ್ನ ನಮ್ಮ ತಾಲೂಕಿನ ಮಾತು. ಇಲ್ಲಿ ಭೀಮಗಡ ವನ್ಯಧಾಮ ಐತಿ, 2011ರಾಗ ಘೋಷಣೆ ಆದದ್ದು. ಬಾರಾಪೇಡೆ ಗುಹ್ಯಾಗ ಜಗತ್ತಿನಾಗ ಅಪರೂಪದ ಬಾವಲಿ ಅದಾವ. ಅವು ಬದುಕೋದ ಕಿವಿ ಮ್ಯಾಲ. ಅಡವಿ ಅಂಚಿನ ನಮ್ಮಂಥವರೂ ರಾತ್ರಿ ಕಿವಿ ಮ್ಯಾಲನ ಬೆಳಿ ಕಾಯತೀವಿ. ಅಟ್ಟದ ಮ್ಯಾಲ ಕುಂತಾಗ ಹಂದಿ ಬಂತೋ ಕಾಡೆಮ್ಮಿ ಬಂತೋ ಮೊದಲು ಹೇಳೋದು ಕಿವಿ. ಕಣ್ಣಿಗೆ ಬೀಳೋದರಾಗ ಅರ್ಧ ಭತ್ತ ಹೋಗಿರತೈತಿ. ಕಾಡೆಮ್ಮಿ ಓಡಿಸಾಕ ನಾವು ಪಟಾಕಿ ಹೊಡಿತೀವಿ. ಪಟಾಕಿಯಂಥ ಸದ್ದು ವಾರ ವಾರ ರಸ್ತ್ಯಾಗ ಕೇಳಿ ಕೇಳಿ ಅವಕ್ಕ ರೂಢಿ ಆದ್ರ, ನಮ್ಮ ಪಟಾಕಿಗೆ ಯಾಕ ಹೆದರತಾವ? ಎರಡು ವರ್ಷದಿಂದ ಒಂದು ಪಟಾಕಿಗೆ ಓಡತಿದ್ದವು ಈಗ ನಾಕಕ್ಕೂ ತಲಿ ಎತ್ತಿ ನೋಡಿ ಮತ್ತ ಮೇಯತಾವ. ಇದಕ್ಕ ಗಾಡಿ ಸದ್ದ ಕಾರಣ ಅಂತ ಆಣಿ ಮಾಡಿ ಹೇಳಂಗಿಲ್ಲ, ಆದ್ರ ನನ್ನ ಅನುಮಾನ ಹಂಗ ಐತಿ.

"ಸದ್ದು ಇದ್ರ ಎದುರಿನವರು ಎಚ್ಚರ ಆಗತಾರ, ಅಪಘಾತ ತಪ್ಪತೈತಿ" ಅಂತ ಹುಡುಗರು ಅಂತಾರ. ಸೈಲೆನ್ಸರಿನ ಬಾಯಿ ಇರೋದು ಹಿಂದಕ್ಕ. ಎದುರಿನವಗ ಕೇಳೋದಕ್ಕಿಂತ ಜೋರಾಗಿ ದಾಟಿ ಹೋದ ಮ್ಯಾಲ ಕೇಳತೈತಿ. ನಮ್ಮ ಎತ್ತಿಗೆ ಆದದ್ದು ಅದ. ಎಚ್ಚರಿಸಾಕ ಹಾರ್ನ್ ಐತಲ್ಲ.

"ದೊಡ್ಡವರ ಕಾರು ಕಂಪನಿಯಿಂದನ ಸದ್ದು ಮಾಡತಾವ, ಅವರನ್ನ ಯಾರೂ ಕೇಳಂಗಿಲ್ಲ" ಅಂತನೂ ಅಂತಾರ. ಅಂಥ ಬಾಳಷ್ಟು ಕಾರಿನ ಎಕ್ಸಾಸ್ಟಿನಾಗ ಒಂದು ಕವಾಟ ಇರತೈತಿ. ಮೆಲ್ಲಕ ಹೊಂಟಾಗ ಮುಚ್ಚಿ, ಜೋರು ತುಳಿದಾಗ ತೆರೀತೈತಿ. ಊರಾಗ ಮುಚ್ಚೇ ಹೊಡಿಯೋ ಮರ್ಯಾದಿ ಮಾಲೀಕಗ ಇರಬೇಕು. ಅದನ್ನೂ ಕಿತ್ತು ಬದಲಿ ಮಾಡಿದ್ರ ಅವಗೂ ಅದ ದಂಡ ಬೀಳಬೇಕು. ಪೊಲೀಸರು ಬುಲೆಟ್ ಹಿಡದು ಕಾರು ಬಿಡಬಾರದು. ಪೂರ್ತಿ ಸದ್ದು ಬೇಕಂದ್ರ ಚೆನ್ನೈ, ಕೊಯಮತ್ತೂರಿನಾಗ ರೇಸ್ ಟ್ರ್ಯಾಕ್ ಅದಾವ.

ಇಷ್ಟೆಲ್ಲಾ ಹೇಳಿದ ಮ್ಯಾಲ ಹುಡುಗ ಒಂದ ಮಾತು ಅಂದ: "ಕಾಕಾ, ಮೊದಲು ನಿಮ್ಮ ಟ್ರ್ಯಾಕ್ಟರ್ ನೋಡ್ರಿ."

ಖರೆ ಮಾತು. ನಮ್ಮ ಟ್ರ್ಯಾಕ್ಟರಿನ ಸೈಲೆನ್ಸರ್ ತುಕ್ಕು ತಿಂದು ತೂತು ಬಿದ್ದು ಎರಡು ವರ್ಷ ಆಗಿತ್ತು. ಮಂದಿಗೆ ಬೈಯೋ ನಾನು ಬೆಳಗಿನ ಐದಕ್ಕ ಅದನ್ನ ಚಾಲೂ ಮಾಡಿ ಓಣಿ ಎಬ್ಬಸತಿದ್ದೆ. ಕಬ್ಬಿನ ಸೀಜನ್ನಿನಾಗ ನಮ್ಮವರ ಟ್ರ್ಯಾಕ್ಟರು ಡಬಲ್ ಟ್ರೇಲರ್ ಜಗ್ಗಿಕೋತ, ದೊಡ್ಡ ಸ್ಪೀಕರ್ ಹಾಕಿಕೊಂಡು ಹೋಗೋದು ಯಾರಿಗೆ ಗೊತ್ತಿಲ್ಲ? ಕಾರ್ಖಾನಿ ಕೆಲಸಗಾರರಿಗೆ ದಿನಕ್ಕ ಎಂಟು ತಾಸಿಗೆ 85 ಡೆಸಿಬಲ್ ದಾಟಬಾರದು ಅಂತ ಬಾಳ ಕಡೆ ಸಲಹೆ ಕೊಡತಾರ. ಅದ ಲೆಕ್ಕದಾಗ 3 ಡೆಸಿಬಲ್ ಏರಿದಂಗ ವೇಳೆ ಅರ್ಧ ಆಗತೈತಿ. 94ಕ್ಕ ಒಂದ ತಾಸು. ತೂತಿನ ಸೈಲೆನ್ಸರಿನ ಟ್ರ್ಯಾಕ್ಟರ್ ಮ್ಯಾಲ ದಿನಗಟ್ಲೆ ಕುಂತರ ಹೋಗೋದು ನಮ್ಮ ಕಿವಿನ.

ಮರುದಿನ ಟ್ರ್ಯಾಕ್ಟರಿಗೆ ಹೊಸಾ ಸೈಲೆನ್ಸರ್ ಹಾಕಿಸಿದೆ. ಅದು ಮುಗದ ಮ್ಯಾಲ ಹುಡುಗನ ಕೇಳಿದೆ, "ಈಗ ನೀ?" ಅಂವ ಕಂಪನಿ ಸೈಲೆನ್ಸರ್ ಅಂಗಡ್ಯಾಗ ಬಿಟ್ಟು ಬಂದಿದ್ದ, ಅದು ಗುಜರಿಗೆ ಹೋಗಿತ್ತು. ಮತ್ತ ರೊಕ್ಕ ಹಾಕಿ ಹೊಸಾದು ತಂದ. ಮನಸಿನಿಂದ ಮಾಡಿದ್ನೋ ನನ್ನ ಕಾಟಕ್ಕ ಮಾಡಿದ್ನೋ, ಈಗ ಎಮ್ಮಿ ಒದಿಯೋದಿಲ್ಲ.

ಒಂದು ಮಾತು ನಿಮಗ ಗೊತ್ತಿರಲಿ. ಲ್ಯಾಂಬೋರ್ಗಿನಿ ಅನ್ನೋ ಹೆಸರು ಶುರು ಆದದ್ದು ಟ್ರ್ಯಾಕ್ಟರಿನಿಂದ. ಫೆರುಚ್ಚೋ ಲ್ಯಾಂಬೋರ್ಗಿನಿ ಇಟಲಿಯ ರೈತನ ಮಗ. 1948ರಾಗ ಟ್ರ್ಯಾಕ್ಟರ್ ಕಟ್ಟಾಕ ಶುರು ಮಾಡಿದ, ಕಾರು ಕಂಪನಿ ಚಾಲೂ ಆದದ್ದು 1963ರಾಗ. ರೈತನ ಮಗನಾಗಿ ಅಂವ ಇಂಜಿನ್ ಕಟ್ಟಿದ. ನಮ್ಮ ಹುಡುಗರೂ ಉದ್ಯಮಬಾಗದಾಗ ಕಬ್ಬಿಣ ಕಡೀತಾರ, ಕೈಯಾಗ ವಿದ್ಯೆ ಐತಿ. ಆ ವಿದ್ಯೆ ಪೈಪಿಗೆ ತೂತು ಹಾಕಾಕ ಹೋಗಬಾರದು ಅನ್ನೋದು ನನ್ನ ಸಂಕಟ.

ನನ್ನ ವಿನಂತಿ ಇಷ್ಟ: ಈ ಕಬ್ಬಿನ ಸೀಜನ್ನಿಗೆ ಮೊದಲು ನಿಮ್ಮ ನಿಮ್ಮ ಟ್ರ್ಯಾಕ್ಟರಿನ ಸೈಲೆನ್ಸರ್ ನೋಡಿಕೊಳ್ರಿ. ಆಮ್ಯಾಲ ಮನಿ ಹುಡುಗರ ಬೈಕು, ಕಾರು ನೋಡ್ರಿ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳೋವಾಗ ಕೆಳಗ ಬಗ್ಗಿ ಸೈಲೆನ್ಸರ್ ಕಂಪನಿದೋ ಅಲ್ಲೋ ಖಾತ್ರಿ ಮಾಡಿಕೊಳ್ರಿ. ಇಲ್ಲಂದ್ರ ದಂಡ ನಿಮಗ, ವಿಮಾ ಹೊತ್ತಿಗೆ ತಕರಾರೂ ನಿಮಗ. ಇಷ್ಟು ಮಾಡಿ ರಸ್ತಿಗೆ ಬಂದ್ರ, ಗೋವಾಕ್ಕ ಹೋಗೋ ಗಾಡಿಯವರನ್ನ ತಡದು ಕೇಳಾಕ ನಮಗ ಬಾಯಿ ಬರತೈತಿ.