ಉದ್ಯೋಗವನ್ನು ಬಿಡಬೇಕಾದವರು ಯಾರು?

ಗಂಡಹೆಂಡಿರಿಬ್ಬರೂ ಬೆಂಗಳೂರಿನಲ್ಲಿ ತಂತ್ರಾಂಶದ ಉದ್ಯೋಗದಲ್ಲಿದ್ದು, ಅವರ ಮಗುವಿಗೆ ಆಟಿಸಂ ಎಂದೋ, ಡಿಸ್ಲೆಕ್ಸಿಯಾ ಎಂದೋ, ಚಿತ್ತಚಾಂಚಲ್ಯವೆಂದೋ ವೈದ್ಯರು ನಿರ್ಣಯಿಸಿದರೆ, ಬಂಧುಬಳಗದ ತೀರ್ಪು ಅಂದೇ ಸಿದ್ಧವಾಗಿರುತ್ತದೆ: “ತಾಯಿಯಾದವಳು ಕೆಲಸ ಬಿಟ್ಟು ಮನೆಯಲ್ಲಿರಲಿ.” ವಿದ್ಯಾವಂತರೆನಿಸಿಕೊಂಡವರೇ ಈ ಮಾತನ್ನು ಆಡುತ್ತಿರುವುದರಿಂದ, ಅದರ ಯುಕ್ತಾಯುಕ್ತತೆಯನ್ನು ವಾಚಕರ ಮುಂದೆ ವಿಚಾರಿಸುವುದು ಅನುಚಿತವಾಗಲಾರದು.

ತಾಯಿ ಮನೆಯಲ್ಲಿಲ್ಲದುದರಿಂದಲೇ ಮಗು ಹೀಗಾಯಿತೆಂಬ ಭಾವನೆ ಈ ತೀರ್ಪಿನ ಬುಡದಲ್ಲಿ ಅಡಗಿದೆ. ಇದನ್ನು ನಮ್ಮ ಅಜ್ಜಿಯರ ಮೌಢ್ಯವೆಂದು ಹಳಿಯಬೇಕಾಗಿಲ್ಲ. ಅಮೆರಿಕದ ಪಂಡಿತರೇ ಇಂಥದನ್ನು ಮೆರೆಸಿದ್ದರು. 1943ರಲ್ಲಿ ಆಟಿಸಮ್ಮನ್ನು ವಿವರಿಸಿದ ಲಿಯೋ ಕ್ಯಾನರ್, ಇಂಥ ಮಕ್ಕಳ ತಂದೆತಾಯಿಗಳಲ್ಲಿ ವಾತ್ಸಲ್ಯದ ಬಿಸುಪು ಕಡಮೆಯೆಂದು ಬರೆದನು. 1967ರಲ್ಲಿ ಬ್ರೂನೋ ಬೆಟೆಲ್‌ಹೈಮ್ ಒಂದು ದಪ್ಪ ಗ್ರಂಥವನ್ನೇ ರಚಿಸಿ ಆ ಅಪವಾದವನ್ನು ತಾಯಂದಿರ ಕೊರಳಿಗೆ ಕಟ್ಟಿದನು. ಅಂದಿನ ಅಮೆರಿಕದಲ್ಲಿ ಚಿಕ್ಕ ಮಕ್ಕಳ ತಾಯಂದಿರು ಹೆಚ್ಚಾಗಿ ಮನೆಯಲ್ಲಿಯೇ ಇದ್ದವರೆಂಬುದನ್ನು ಗಮನಿಸಬೇಕು! ಸ್ವತಃ ಅಂಥ ಮಗುವಿನ ತಂದೆಯಾಗಿದ್ದ ಬರ್ನಾರ್ಡ್ ರಿಮ್ಲಂಡ್, ಕಾರಣವು ಮಿದುಳಿನಲ್ಲಿದೆಯೇ ಹೊರತು ಲಾಲನೆಯಲ್ಲಿಲ್ಲವೆಂದು 1964ರಲ್ಲಿಯೇ ವಾದಿಸಿದ್ದನು. ವಂಶಾನುಗತವಾದ ಕಾರಣಗಳೇ ಪ್ರಬಲವೆಂಬುದನ್ನು ವೈದ್ಯಶಾಸ್ತ್ರವು ಇಂದು ಒಪ್ಪಿದೆ. ಅಲ್ಲಿ ಸತ್ತುಹೋದ ವಾದವು ನಮ್ಮ ಪಡಸಾಲೆಗಳಲ್ಲಿ ಇನ್ನೂ ಕಾಫಿ ಕುಡಿಯುತ್ತ ಕುಳಿತಿದೆ.

ಇದು ನಮ್ಮ ಸಂಪ್ರದಾಯವೆನ್ನುವವರು ಪಂಚತಂತ್ರದ ಪೀಠಿಕೆಯನ್ನು ಮತ್ತೊಮ್ಮೆ ಓದಲಿ. ಅಮರಶಕ್ತಿ ರಾಜನ ಮೂವರು ಮಕ್ಕಳಿಗೆ ಶಾಸ್ತ್ರ ಹತ್ತಲಿಲ್ಲ. ಚಿಂತಿಸಿದವನು ತಂದೆ, ಸಭೆ ಕರೆದವನೂ ತಂದೆ, ತಾಯಿಯನ್ನು ದೂರಿದ ಮಾತು ಅಲ್ಲಿಲ್ಲ. ವಿಷ್ಣುಶರ್ಮನು ಹನ್ನೆರಡು ವರ್ಷದ ವ್ಯಾಕರಣವನ್ನು ಬದಿಗಿಟ್ಟು ಕಥೆಗಳಿಂದ ಕಲಿಸಿದನು. ಬದಲಾದುದು ಪಾಠಕ್ರಮ. (ನಮ್ಮ ಪಾಠಶಾಲೆಗಳು ಈ ಕಥೆಯನ್ನು ಬಾಯಿಪಾಠ ಮಾಡಿಸುತ್ತವೆ; ಅದರಂತೆ ನಡೆಯುವುದು ಬೇರೆ ಮಾತು.)

“ಹಾಗಾದರೆ ಮಗುವಿಗೆ ತಾಯಿಯ ಸನ್ನಿಧಿ ಬೇಡವೆ?” ಎಂದು ಪೂರ್ವಪಕ್ಷಿಗಳು ಕೇಳಬಹುದು. ಬೇಕು, ತಂದೆಯದೂ ಬೇಕು. ವಾಕ್‌ಚಿಕಿತ್ಸೆ, ಆಕ್ಯುಪೇಷನಲ್ ಥೆರಪಿ ಮುಂತಾದವು ವಾರವಾರವೂ, ವರ್ಷಗಟ್ಟಲೆಯೂ ನಡೆಯತಕ್ಕವು. ಅದಕ್ಕೆ ಇಬ್ಬರ ಸಂಬಳವೂ ಬೇಕಾದೀತು. ಹತ್ತು ವರ್ಷ ಕೆಲಸ ಬಿಟ್ಟವಳನ್ನು ದಿನಕ್ಕೊಂದು ರೂಪ ತಾಳುವ ಆ ವಿದ್ಯೆ ಮತ್ತೆ ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದೂ ಇಲ್ಲ. ಆದುದರಿಂದ ಕೊರತೆಯಿರುವುದು ವೇಳೆಗೆ. ಆ ವೇಳೆಯನ್ನು ನುಂಗಿದವರು ಯಾರು?

ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು 2023ರಲ್ಲಿ ಶ್ರೀ ನಾರಾಯಣಮೂರ್ತಿಯವರು ಉಪದೇಶಿಸಿದರು. ತಂತ್ರಾಂಶದ ನೌಕರರನ್ನು ದಿನಕ್ಕೆ 14 ಗಂಟೆಯವರೆಗೆ ದುಡಿಸಿಕೊಳ್ಳಲು ಅವಕಾಶ ಕೊಡುವ ಪ್ರಸ್ತಾವವೊಂದು 2024ರಲ್ಲಿ ನಮ್ಮ ರಾಜ್ಯ ಸರ್ಕಾರದ ಮುಂದೆಯೇ ಬಂದು, ನೌಕರರ ಸಂಘವು ಪ್ರತಿಭಟಿಸಬೇಕಾಯಿತು. ಆಟಿಸಂ ಉಳ್ಳ ಎಷ್ಟೋ ಮಕ್ಕಳಿಗೆ ದಿನಚರಿಯ ನಿಯಮವೇ ನೆಮ್ಮದಿ. ಆರು ಗಂಟೆಗೆ ಬರುವೆನೆಂದ ತಂದೆ ಒಂಬತ್ತಕ್ಕೆ ಬಂದರೆ ನಮಗೆ ಅದು ಬರಿಯ ತಡ. ಆ ಮಗುವಿಗೆ ಇಡೀ ಸಂಜೆಯೇ ಕುಸಿದಂತೆ. 70 ಗಂಟೆಯ ಲೆಕ್ಕ ಹಾಕುವವರ ಪುಸ್ತಕದಲ್ಲಿ ಈ ಸಂಜೆ ಯಾವ ಪುಟದಲ್ಲಿದೆ?

ಸರ್ಕಾರದ ನಡೆಯನ್ನೂ ನೋಡಿರಿ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಶಿಶುಪಾಲನೆಗಾಗಿ ಸೇವಾವಧಿಯಲ್ಲಿ 730 ದಿನಗಳ ರಜೆಯುಂಟು. ವಿಕಲಚೇತನ ಮಗುವಾದರೆ ವಯೋಮಿತಿಯೂ ಇಲ್ಲ. ಸಂತೋಷ. 2018ರಲ್ಲಿ ಈ ರಜೆ ಗಂಡಸರಿಗೂ ವಿಸ್ತರಿಸಿತು, ಆದರೆ ಒಂಟಿ ತಂದೆಯಾದವನಿಗೆ ಮಾತ್ರ. ಹೆಂಡತಿ ಇಲ್ಲದಾದ ಮೇಲೆಯೇ ಗಂಡಸಿಗೊಂದು ಮಗುವಿದೆಯೆಂದು ನಿಯಮಕ್ಕೆ ತಿಳಿಯುವುದೋ? ಖಾಸಗಿ ಸಂಸ್ಥೆಗಳಲ್ಲಿ ಇಷ್ಟೂ ಕಡ್ಡಾಯವಿಲ್ಲ. ಅಲ್ಲಿ ಎಲ್ಲವೂ ಮೇಲಧಿಕಾರಿಯ ದಾಕ್ಷಿಣ್ಯ.

ಆ ಮೇಲಧಿಕಾರಿಯ ಬಳಿ ಹೋಗಿ, “ಮಂಗಳವಾರ, ಶುಕ್ರವಾರ ನಾಲ್ಕು ಗಂಟೆಗೆ ಮಗುವನ್ನು ಥೆರಪಿಗೆ ಕರೆದೊಯ್ಯಬೇಕು, ಆ ಹೊತ್ತಿಗೆ ಮೀಟಿಂಗ್ ಇಡಬೇಡಿ” ಎನ್ನಲು ಹೆಣ್ಣುಮಕ್ಕಳು ಅಂಜುವುದಿಲ್ಲ. ಅದೇ ಮಾತನ್ನು ಅದೇ ಕಚೇರಿಯ ತಂದೆಯೊಬ್ಬನು ಆಡಿದರೆ ಅವನ ಗಂಡಸುತನಕ್ಕೆ ಯಾವ ಊನ ಬರುವುದು?